ಜೋಳಿಗೆಯೊಳಗಿನ ಕೊಲೆ

ಅಪ್ಪ ಕರಿಬಸಯ್ಯನ ಹೆಗಲಿನಿಂದ ಜೋಳಿಗೆ ತೆಗೆಯಲು ಅಮರಯ್ಯ ಕೈ ಚಾಚಿದ್ದ. ಅಷ್ಟರಲ್ಲಿ ಪಕ್ಕದ ಮನೆಯ ಯಮನೂರಮ್ಮ ಬಾಗಿಲಲ್ಲೇ ನಿಂತು ಕೂಗಿದಳು.

"ತಡೀರಿ! ಅಯ್ಯಾರನ್ನ ಈಗ ಎತ್ತಬ್ಯಾಡ್ರಿ."

ಭಜನೆ ನಿಂತಿತು. ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದ ಕರಿಬಸಯ್ಯನೊಬ್ಬನೇ ನಿಶ್ಚಿಂತನಾಗಿದ್ದ. ಮಸ್ಕಿಯ ಆ ಜಂಗಮರ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಭಿಕ್ಷೆಯ ಜೋಳಿಗೆ ಹೆಗಲ ಮೇಲೇ ಇರಬೇಕು. ಮಣ್ಣಿಗೆ ಒಯ್ಯುವ ಮುನ್ನ ಮಗ ಅದನ್ನು ತನ್ನ ಹೆಗಲಿಗೆ ಹಾಕಿಕೊಳ್ಳಬೇಕು. ಹೆಂಗಸರು ಅದಕ್ಕೆ ಕೈ ಹಾಕುವಂತೆಯೇ ಇಲ್ಲ.

"ಏನಾತಬೇ?" ಊರ ಹಿರಿಯ ಆದೆಪ್ಪ ಗದರಿದ.

"ನಿನ್ನೆ ಮಧ್ಯಾಹ್ನ ಗ್ವಾಡಿ ಆಚಿಂದ ಕೇಳೀನ್ರಿ. ಮುದುಕನ ಹಾಲಿಗೆ ವಿಷ ಹಾಕಿದಾಕಿ ನಾನಾ ಅಂತ ಈ ಶೇಖರಮ್ಮ ಅಂದ್ಳು. ಹಿಂದಿಂದನ ಅಯ್ಯಾರು ಹೋದ್ರು ಅಂತ ಚೀರಿದ್ಳು. ಸುಮ್ಕಿದ್ರ ಪಾಪ ನನಗ ಹತ್ತತೈತ್ರಿ."

ಸೊಸೆ ಶೇಖರಮ್ಮ ಮಗಳನ್ನು ಹತ್ತಿರ ಎಳೆದುಕೊಂಡಳು. ಯಮನೂರಮ್ಮ ಸುಳ್ಳು ಹೇಳುವ ಹೆಂಗಸಲ್ಲ. ಹೇಳಿದ್ದೂ ಸುಳ್ಳಲ್ಲ.

"ಅಪ್ಪಗ ಹಾಲು ಕೊಟ್ಟಿದ್ದಿ?" ಎಂದ ಅಮರಯ್ಯ.

"ದಿನಾ ಕೊಡ್ತಿದ್ದೆನಲ್ರಿ."

"ಆ ಮಾತು ಅಂದಿಯೇನು?"

ಅವಳ ಕಣ್ಣು ಮಾವನ ಹೆಗಲಿನತ್ತ ಹೋಯಿತು. ನಿಜ ಜೋಳಿಗೆಯ ತಳದಲ್ಲಿತ್ತು. ಅದು ಹೊರಬಂದರೆ ಅವಳು ಮಗಳನ್ನು ಕಳೆದುಕೊಳ್ಳಬೇಕಿತ್ತು.

*

ಕರಿಬಸಯ್ಯನಿಗೆ ಜೋಳಕ್ಕಿಂತ ಕತೆಯ ಆಸೆ ಜಾಸ್ತಿ. ಸಿಂಧನೂರಿನ ಮಾಸ್ತರರ ಮನೆ, ಲಿಂಗಸುಗೂರು ಬಸ್ ಸ್ಟ್ಯಾಂಡಿನ ಅಂಗಡಿ, ಎಲ್ಲಿ ನಿಂತರೂ "ಹಳೇ ಪುಸ್ತಕ ಇದ್ರ ಹಾಕ್ರೆವ್ವಾ" ಎನ್ನುತ್ತಿದ್ದ. ಬಿಡಿಗಾಸು ಖರ್ಚಿಲ್ಲದೆ ಹಳಗನ್ನಡದ ಕಾವ್ಯವೂ ಬರುತ್ತಿತ್ತು, ರಟ್ಟು ಕಿತ್ತ ಪತ್ತೇದಾರಿ ಕಾದಂಬರಿಯೂ ಬರುತ್ತಿತ್ತು. ಕಾವ್ಯಕ್ಕೆ ಭಕ್ತಿಯಿಂದ ಕೈಮುಗಿದು ಗೋಡೆಯ ಮಾಡದಲ್ಲಿಟ್ಟು ಪತ್ತೇದಾರಿ ಹಿಡಿದು ಕೂರುತ್ತಿದ್ದ, ಮಹಾನುಭಾವ. ಎಂಬತ್ತಮೂರರ ವಯಸ್ಸಿಗೆ ಅಕ್ಷರ ಮಸುಕಾದವು. ಓದುವ ಕೆಲಸ ಸೊಸೆಗೆ ಬಂತು.

ಒಂದು ದಿನ ಅವಳು ಕತೆಯಲ್ಲಿ ಮೈಮರೆತಿದ್ದಾಗ ಅಂಬೆಗಾಲಿಡುತ್ತಿದ್ದ ಮಗಳು ಪಂಪಮ್ಮ ಒಲೆಗೆ ಕೈ ಇಟ್ಟಳು. ಅಮರಯ್ಯ ಪುಸ್ತಕವನ್ನು ಅದೇ ಒಲೆಗೆ ತುರುಕಿದ.

"ಇನ್ನೊಮ್ಮೆ ಈ ಮನ್ಯಾಗ ಕತಿ ಪುಸ್ತಕ ಕಂಡ್ರ ನೀ ಪಾಮನಕಲ್ಲೂರಿಗೆ ನಿಮ್ಮಪ್ಪನ ಮನಿಗೆ ನಡಿ. ಕೂಸು ಇಲ್ಲೇ ಇರ್ತೈತಿ."

ಆಮೇಲೆ ಪುಸ್ತಕಗಳು ಜೋಳಿಗೆಯ ಹಿಟ್ಟಿನಡಿ ಸೇರಿದವು. ಗಂಡ ಹೊಲಕ್ಕೆ ಹೋದಾಗ ಮಾವ ಅವುಗಳನ್ನು ಹೊರತೆಗೆಯುವನು, ಅವಳು ಮೆಲುದನಿಯಲ್ಲಿ ಓದುವಳು. ಕೊಲೆ ಮಾಡಿದವರು ಯಾರೆಂದು ಇಬ್ಬರೂ ಪಂಥ ಕಟ್ಟುವರು. "ಉಣ್ಣಾಕ ಇಟ್ಟಾಕಿ ಮ್ಯಾಲೆ ಸಂಶಯ ಪಡಬ್ಯಾಡವ್ವಾ, ಆಕಿ ಕೊಲ್ಲಂಗಿಲ್ಲ" ಎಂದು ಭಿಕ್ಷೆ ಬೇಡಿ ಬಾಳಿದ ಮುದುಕ ವಾದಿಸುವನು. ಎಷ್ಟೋ ಸಲ ಸೋಲುವನು.

ನಿನ್ನೆ ಕಡೆಯ ಪುಟ. ಕೊಲೆಗಾತಿ ಬಾಯಿಬಿಡುವಲ್ಲಿ ಶೇಖರಮ್ಮನ ದನಿ ತಾನಾಗಿ ಏರಿತು. "ಮತ್ತ ಸೋತ್ರಿ ಮಾವಾ" ಎಂದು ನಗುತ್ತ ತಲೆಯೆತ್ತಿದರೆ ಮಾವನ ತಲೆ ವಾಲಿತ್ತು. ಪುಸ್ತಕವನ್ನು ಜೋಳಿಗೆಗೆ ತುರುಕಿದ ಮೇಲಷ್ಟೇ ಅವಳು ಚೀರಿದ್ದು. ಅದು ನೆನಪಾದಾಗಲೆಲ್ಲ ಅವಳಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು.

*

"ಪೊಲೀಸ್ರು ಬರ್ಲಿ," ಆದೆಪ್ಪ ಎದ್ದ. "ದವಾಖಾನಿಗೆ ಒಯ್ದು ಅಯ್ಯಾರನ್ನ ಕೊಯ್ದು ನೋಡ್ಲಿ."

ಕೊಯ್ಯುವುದು. ಶೇಖರಮ್ಮ ಮಾವನ ಮುಖ ನೋಡಿದಳು. ಸೆರಗು ಹಿಡಿದು ನಿಂತಿದ್ದ ಮಗಳ ಸುಟ್ಟ ಅಂಗೈಯನ್ನು ಮೆಲ್ಲಗೆ ಬಿಡಿಸಿ, ಮುಂದೆ ಹೋಗಿ ಜೋಳಿಗೆಯೊಳಗೆ ಕೈ ಹಾಕಿದಳು.

"ಶಿವಶಿವಾ!" ಎಂದರು ಯಾರೋ.

ಹಿಟ್ಟು ಮೆತ್ತಿದ ಪುಸ್ತಕ ಹೊರಬಂತು. ಕಡೆಯ ಪುಟ ತೆರೆದು ಓದಿದಳು: "'ಮುದುಕನ ಹಾಲಿಗೆ ವಿಷ ಹಾಕಿದವಳು ನಾನೇ. ನನಗೆ ಪಶ್ಚಾತ್ತಾಪವಿಲ್ಲ' ಎಂದು ಅವಳು ಕಿರುಚಿದಳು."

"ಇದಾ! ಇದಾ ಮಾತ್ರಿ!" ಯಮನೂರಮ್ಮ ಕುಸಿದು ಕೂತಳು. "ಕತಿಯೇನವ್ವಾ ಇದು? ತಪ್ಪಾತು."

"ಮಾವಾರಿಗೆ ಓದಿ ಹೇಳತಿದ್ದೆ. ಇದನ್ನ ಕೇಳಿದ್ರೋ, ಅದರಕಿಂತ ಮೊದಲಾ ಹೋದ್ರೋ, ಗೊತ್ತಿಲ್ಲ," ಎಂದಳು ಶೇಖರಮ್ಮ. ಅಳು ಒತ್ತರಿಸಿ ಬಂತು.

ಅಮರಯ್ಯ ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡು ಜೋಳಿಗೆಗೆ ಹಾಕಿ, ಜೋಳಿಗೆಯನ್ನು ಹೆಗಲಿಗೇರಿಸಿದ. ಭಜನೆ ಮತ್ತೆ ಎದ್ದಿತು. ಗಂಡಸರು ಹೊರಟರು.

ಅವಳು ಮಗಳ ಲಂಗಗಳನ್ನು ಮಡಿಸುತ್ತ ಕೂತಳು. ಒಯ್ಯುವುದಕ್ಕೆ ಅವು ತನ್ನವಲ್ಲ, ಆದರೂ ಮಡಿಸಿದಳು. ಬೀದಿಯಲ್ಲಿ ಹೆಜ್ಜೆ ಕೇಳಿದಾಗಲೆಲ್ಲ ಬಾಗಿಲತ್ತ ನೋಡುತ್ತಿದ್ದಳು.

ಸಂಜೆ ಅಮರಯ್ಯ ಒಬ್ಬನೇ ಒಳಗೆ ಬಂದ.

"ಸ್ನಾನಕ್ಕ ನೀರು ಕಾಸಬೇಕು. ಒಲಿ ಹಚ್ಚು."

ಹಚ್ಚಿದಳು. ಬೆಂಕಿ ಹತ್ತಿಕೊಂಡಿತು. ಅವನು ಒಲೆಯ ಹತ್ತಿರ ಬಂದು ಜೋಳಿಗೆಯಿಂದ ಪುಸ್ತಕ ತೆಗೆದ. ಅವಳು ಮಗಳನ್ನು ಅವಚಿಕೊಂಡು ಕಣ್ಣು ಮುಚ್ಚಿದಳು.

"ಕುಣಿಯಾಗ ಕುಂಡ್ರಿಸಿದ ಮ್ಯಾಲೆ ನಾನೂ ಇಳಿದೆ," ಎಂದ. "ಅಪ್ಪನ ಕಿವ್ಯಾಗ ಕಡೀ ಹಾಳಿ ಓದೀನಿ. ಕೇಳಿರ್ಲಿಕ್ಕಿಲ್ಲ ಅಂತ."

ಅವಳು ಕಣ್ಣು ತೆರೆದಾಗ ಪುಸ್ತಕ ಅವಳ ಮಡಿಲಲ್ಲಿತ್ತು. ಕಡೆಯ ಪುಟದ ಮೇಲೆ ಹಸಿಮಣ್ಣಿನ ಹೆಬ್ಬೆಟ್ಟು ಮೂಡಿತ್ತು.