ದಿಮ್ಮಿಗಳ ಕೆಳಗಿನ ಓಲೆ

ನಮ್ಮ ನೊವ್ಗೊರೊದ್‌ನಲ್ಲಿ ಓಲೆಗಳನ್ನು ಯಾರೂ ಜೋಪಾನ ಮಾಡಿ ಇಟ್ಟುಕೊಳ್ಳುವುದಿಲ್ಲ. ಬರ್ಚ್ ಮರದ ತೊಗಟೆಯ ಮೇಲೆ ಮೂಳೆಯ ಚೂಪು ಕಂಟದಿಂದ ಅಕ್ಷರ ಗೀರಿ ಕಳಿಸುತ್ತೇವೆ. ಬಂದದ್ದನ್ನು ಓದುತ್ತೇವೆ, ಎರಡಾಗಿ ಹರಿಯುತ್ತೇವೆ, ಬಾಗಿಲಾಚೆಯ ಕೆಸರಿಗೆ ಎಸೆಯುತ್ತೇವೆ. ಹರಿಯುವುದು ನೆರೆಯವರು ಓದದಿರಲಿ ಎಂದು. ನಮ್ಮಲ್ಲಿ ನೆರೆಯವರಿಗೆಲ್ಲ ಓದಲು ಬರುತ್ತದೆ. ಮೀನು ಮಾರುವವಳಿಗೂ ಬರುತ್ತದೆ, ದೋಣಿಗೆ ಹುಟ್ಟು ಹಾಕುವವನಿಗೂ ಬರುತ್ತದೆ. ಬೇರೆ ಊರುಗಳಲ್ಲಿ ದೊಡ್ಡವರ ಮನೆಗೆ ಓಲೆ ಬಂದರೂ ಓದುವುದಕ್ಕೆ ಪಾದ್ರಿಯನ್ನು ಕರೆಸುತ್ತಾರಂತೆ. ಅದನ್ನು ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. ಜಂಬ ಅನ್ನಿ, ನನಗೇನೂ ಬೇಸರವಿಲ್ಲ.

ನನ್ನ ಹೆಸರು ಲ್ಯುಬಾವಾ, ಬಡಗಿಗಳ ಬೀದಿಯವಳು. ನಮ್ಮ ನೆಲ ಜೌಗು. ಅದಕ್ಕೇ ಬೀದಿಗೆ ಪೈನ್ ಮರದ ದಿಮ್ಮಿಗಳನ್ನು ಅಡ್ಡಡ್ಡ ಹಾಸಿರುತ್ತೇವೆ. ಕೆಸರು ಏರಿ ದಿಮ್ಮಿಗಳು ಮುಳುಗತೊಡಗಿದರೆ ಹಳೆಯದನ್ನು ಕೀಳದೆ ಅದರ ಮೇಲೆಯೇ ಹೊಸದನ್ನು ಹಾಸುತ್ತೇವೆ. ಹಾಸುವವರು ಬೀದಿಯವರೇ, ಯಾರಪ್ಪನ ಕೂಲಿಯವರೂ ಅಲ್ಲ. ಹೊಳೆಯಂಚಿನ ಹುಲ್ಲುಗಾವಲು ಕೂಡ ಹಾಗೆಯೇ ಬೀದಿಯದು. ಅಲ್ಲಿ ಕೊಯ್ದ ಹುಲ್ಲಿನಿಂದಲೇ ನಮ್ಮ ದನಗಳು ಆರು ತಿಂಗಳ ಹಿಮವನ್ನು ದಾಟಬೇಕು.

ಆ ಬೇಸಿಗೆಯಲ್ಲಿ ನಾವು ಕುಡುಗೋಲು ಮಸೆಯುತ್ತಿದ್ದಾಗ ರಾಜನ ಕಾರಭಾರಿ ರತ್ಮೀರ್ ಎಂಟು ಜನ ಈಟಿಯವರನ್ನು ಕಟ್ಟಿಕೊಂಡು ಬಂದು ಹುಲ್ಲುಗಾವಲಿನ ಸುತ್ತ ಗೂಟ ಹೊಡೆಸಿದ. ಸುದ್ದಿ ತಿಳಿದು ಬೀದಿಗೆ ಬೀದಿಯೇ ಓಡಿತು. ಮುಂದೆ ನಮ್ಮ ಬೀದಿಯ ಹಿರಿಯ ದೊಮಾಝಿರ್ ತಾತ. ಎಪ್ಪತ್ತಾದರೂ ಕೊಡಲಿ ಕೆಳಗಿಡದ ಮುದುಕ.

"ಏನ್ ಸ್ವಾಮಿ, ಬೇಲಿ ಹಾಕ್ತಿದೀರಾ? ಕೋಸು ಗೀಸು ಬೆಳೆಯೋ ಯೋಚ್ನೆನಾ?" ಎಂದ ತಾತ.

"ಇದು ರಾಜರ ಕುದುರೆ ಮೇಯೋ ಜಾಗ. ಹಿಂದಿಂದಲೂ ಮೇಯ್ಕೊಂಡ್ ಬಂದಿವೆ. ಇನ್ಮೇಲೆ ನಿಮ್ ದನ ಇತ್ತ ಕಾಲಿಡೋ ಹಾಗಿಲ್ಲ," ಎಂದ ರತ್ಮೀರ್.

ನನಗೆ ಮೈಯೆಲ್ಲ ಉರಿಯಿತು. ನಮ್ಮ ಹಿರಿಯರು ತಮ್ಮತಮ್ಮಲ್ಲೇ ಕಿತ್ತಾಡಿ ಸಾಕಾಗಿ, ನ್ಯಾಯ ಹೇಳುವುದಕ್ಕೊಬ್ಬ ಇರಲಿ ಎಂದು ಸಮುದ್ರದಾಚೆಯಿಂದ ರಾಜರನ್ನು ಕರೆಸಿಕೊಂಡವರು. ಕರೆದವರು ನಾವು, ಬಂದವರು ಅವರು. ಇವತ್ತಿಗೂ ರಾಜ ನಮ್ಮ ಊರಿನ ಹೊರಗೇ ಇರಬೇಕು, ಊರಿನ ಕಟ್ಟಳೆಗೆ ಒಪ್ಪಿ ಶಿಲುಬೆಗೆ ಮುತ್ತಿಟ್ಟು ಆಣೆ ಮಾಡಬೇಕು. ಇಲ್ಲವಾದರೆ ಬಂದ ದಾರಿಯನ್ನೇ ತೋರಿಸುತ್ತೇವೆ, ಎಷ್ಟೋ ಸಲ ತೋರಿಸಿದ್ದೇವೆ. ನಮ್ಮ ನೆಲದಲ್ಲಿ ಒಂದು ಗೇಣೂ ಅವನದಲ್ಲ.

"ಹಿಂದಿಂದಲೂ ಮೇಯ್ಕೊಂಡ್ ಬಂದಿದ್ವಾ?" ಎಂದು ನಾನು ಮುಂದೆ ನುಗ್ಗಿದೆ. "ಐದು ವರ್ಷದ ಹಿಂದೆ ಒಂದೇ ವಾರ ಮೇಯ್ದಿದ್ದು. ಅದೂ ನೀವೇ ಓಲೆ ಬರೆದು ಅಪ್ಪಣೆ ಕೇಳಿದ್ರಿ."

ಆ ವರ್ಷ ಬೀದಿಯ ಹಿರಿತನ ನನ್ನ ಗಂಡ ಝಾವಿದನದಾಗಿತ್ತು. ಈ ಸಲದಂತೆ ಆಗಲೂ ಅವನು ತುಪ್ಪಳಕ್ಕೆಂದು ಉತ್ತರದ ಕಾಡಿಗೆ ಹೋಗಿದ್ದ. ಓಲೆಯನ್ನು ಓದಿದವಳು ನಾನು, ಬೀದಿಯವರನ್ನು ಕೇಳಿ ಅವನ ಹೆಸರಿನಲ್ಲಿ ಉತ್ತರ ಬರೆದವಳೂ ನಾನೇ.

ರತ್ಮೀರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅವನು ತೆಂಕಣ ಸೀಮೆಯವನು, ಊರ ಹೊರಗೆ ರಾಜನ ಬಳಿಯೇ ಇರುವವನು, ನಮ್ಮ ಹೆಂಗಸರ ಸಂಗತಿ ಗೊತ್ತಿಲ್ಲ. "ಓಹೋ, ನೀನು ಓದ್ತೀಯೇನಮ್ಮಾ? ಸರಿ, ನಾಡಿದ್ದು ವೇಚೆ ಸೇರುತ್ತಲ್ಲ, ಆ ಓಲೆ ತಗೊಂಡ್ ಬಾ. ಇಡೀ ಊರಿನ ಮುಂದೆ ಓದು. ತರ್ಲಿಲ್ಲ ಅಂದ್ರೆ ಹುಲ್ಲುಗಾವಲು ರಾಜರದು," ಎಂದು ಕುದುರೆ ಹತ್ತಿದ. ವೇಚೆ ಎಂದರೆ ನಮ್ಮ ಊರ ಸಭೆ. ಅಲ್ಲಿ ಆಡಿದ ಮಾತನ್ನು ರಾಜನೂ ಮೀರುವಂತಿಲ್ಲ.

ಎಲ್ಲರೂ ನನ್ನ ಕಡೆ ತಿರುಗಿದರು.

"ಎಲ್ಲಮ್ಮಾ ಆ ಓಲೆ?" ಎಂದ ತಾತ.

"ಹರಿದು ಬೀದಿಗೆ ಹಾಕ್ದೆ."

ಯಾರೂ ಬೈಯಲಿಲ್ಲ. ಅವರೂ ಅದನ್ನೇ ಮಾಡುತ್ತಿದ್ದರು. ಆದರೆ ಐದು ವರ್ಷದಲ್ಲಿ ಬೀದಿ ಬದಲಾಗಿತ್ತು. ಎರಡು ವರ್ಷದ ಹಿಂದೆ ಹೊಸ ದಿಮ್ಮಿ ಹಾಸಿದ್ದೆವು. ನನ್ನ ಓಲೆ ಅದರಡಿಯ ಕೆಸರಿನಲ್ಲಿತ್ತು.

"ಹಾಗಾದ್ರೆ ದಿಮ್ಮಿ ಎತ್ತೋಣ," ಎಂದೆ.

ತಾತನ ಮುಖ ಹುಳಿಹುಳಿಯಾಯಿತು. ಆ ದಿಮ್ಮಿಗಳನ್ನು ಒಂದೊಂದಾಗಿ ಕಡಿದು ಕೂರಿಸಿದವನು ಅವನೇ. "ಏನಮ್ಮಾ ನೀನು, ತಿಂಗಳುಗಟ್ಲೆ ಬೆನ್ನು ಬಗ್ಗಿಸಿದ ಕೆಲ್ಸ. ಒಂದು ತುಂಡು ತೊಗಟೆಗೆ ಬೀದಿ ಕಿತ್ತು ಹಾಕ್ಲಾ? ಸಿಗದೇ ಹೋದ್ರೆ?"

"ಸಿಗದೇ ಹೋದ್ರೆ ಹುಲ್ಲೂ ಹೋಯ್ತು, ನನ್ನ ಮಾತೂ ಹೋಯ್ತು. ಆಮೇಲೆ ಈ ಬೀದೀಲಿ ತಲೆ ಎತ್ಕೊಂಡ್ ಓಡಾಡೋಕಾಗುತ್ತಾ ತಾತ? ಆ ಮನುಷ್ಯ ನನ್ನ ನೋಡಿ ನಕ್ಕಿದ್ದು ನೋಡಿದ್ಯಲ್ಲ."

ತಾತ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. ಆಮೇಲೆ ಅಂಗೈಗೆ ಉಗುಳಿಕೊಂಡು ಸನ್ನೆಗೋಲು ಕೈಗೆತ್ತಿಕೊಂಡ.

ಎರಡು ದಿನ ಬೀದಿಯಲ್ಲಿ ಬೇರೆ ಕೆಲಸವೇ ನಡೆಯಲಿಲ್ಲ. ಗಂಡಸರು ದಿಮ್ಮಿ ಎತ್ತಿದರು, ಹೆಂಗಸರು ಮೊಣಕೈವರೆಗೆ ಕೆಸರಿಗೆ ಕೈಹಾಕಿ ತಡಕಿದೆವು. ಓಲೆಗಳು ಸಿಕ್ಕೇ ಸಿಕ್ಕವು. ನನ್ನದೊಂದು ಬಿಟ್ಟು ಊರಿನವರೆಲ್ಲರದೂ ಸಿಕ್ಕವು. ಪಕ್ಕದ ಮನೆಯ ನೆಝ್ಕಾ ಮದುವೆಗೆ ಮುಂಚೆ ಯಾರಿಗೋ ಬರೆದು, ಅವನು ಹಿಂದಕ್ಕೆ ಕಳಿಸಿದ್ದ ಓಲೆಯೂ ಸಿಕ್ಕಿತು: "ನೆಝ್ಕಾಳಿಂದ. ಮೂರು ಸಲ ಹೇಳಿಕಳಿಸಿದೆ, ಯಾಕೆ ಬರಲಿಲ್ಲ? ನನ್ನ ಮೇಲೆ ಅಷ್ಟೇನು ಸಿಟ್ಟು?" ಅವಳ ಗಂಡನೇ ಅದನ್ನು ಎತ್ತಿ ಜೋರಾಗಿ ಓದಿದ.

"ನಾನಲ್ಲ, ಬೇರೆ ಯಾರೋ ನೆಝ್ಕಾ ಇರ್ಬೇಕು," ಎಂದಳು ಅವಳು, ಮುಖ ಕೆಂಪಗೆ ಮಾಡಿಕೊಂಡು.

"ಅವನು ಬರದೇ ಇದ್ದಿದ್ದು ನನ್ನ ಹಣೆಬರಹ ಕಣೇ," ಎಂದ ಗಂಡ. ಬೀದಿಯೆಲ್ಲ ಕೆಸರಿನಲ್ಲೇ ಬಿದ್ದು ಬಿದ್ದು ನಕ್ಕಿತು. ದೊಮಾಝಿರ್ ತಾತ ಕಾಡಿನಿಂದ ಹೆಂಡತಿಗೆ ಬರೆದದ್ದೂ ಸಿಕ್ಕಿತು: "ಅಂಗಿ ಮರೆತು ಬಂದಿದ್ದೇನೆ, ಬೇಗ ಕಳಿಸು." ಅಜ್ಜಿ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ತಾತ ಆ ತುಂಡನ್ನು ಒರೆಸಿ ಯಾರಿಗೂ ತೋರದ ಹಾಗೆ ಅಂಗಿಯೊಳಗೆ ಎದೆಗೆ ಸೇರಿಸಿಕೊಂಡ. ನಾನು ನೋಡಿದರೂ ನೋಡದವಳ ಹಾಗಿದ್ದೆ.

ವೇಚೆಯ ದಿನ ಬೆಳಿಗ್ಗೆಯೂ ನನ್ನ ಓಲೆ ಸಿಗಲಿಲ್ಲ. ನನಗೆ ಅಳು ಬರುವುದೊಂದು ಬಾಕಿ. ಹೊಳೆಯ ಕಡೆಯಿಂದ ಸಭೆಯ ಗಂಟೆ ಬಡಿಯತೊಡಗಿತು. ಆಗ ನೆಝ್ಕಾ ನನ್ನದೇ ಬಾಗಿಲಿನ ಎದುರಿನ ಮೂರನೆಯ ದಿಮ್ಮಿಯ ಹಳ್ಳದಿಂದ ಒಂದು ತುಂಡನ್ನು ಎಳೆದಳು. "ಅಕ್ಕಾ, ಕುದುರೆ ಅಂತ ಇದೆ ನೋಡು!"

ಅದೇ ಓಲೆ. ಆದರೆ ಅರ್ಧ ಮಾತ್ರ. "...ನಿಂದ ಝಾವಿದನಿಗೆ ನಮಸ್ಕಾರ. ನಿಮ್ಮ ಹುಲ್ಲುಗಾವಲಿನಲ್ಲಿ ರಾಜರ ಕುದುರೆಗಳು ಒಂದು ವಾರ ಮೇಯಲು ನಿಮ್ಮ ಬೀದಿಯವರ ಅಪ್ಪಣೆ..." ಅಷ್ಟೇ. ಬರೆದವನ ಹೆಸರಿದ್ದ ಮೂಲೆಯನ್ನು ನಾನೇ, ಈ ನನ್ನ ಕೈಯಲ್ಲೇ, ಹರಿದು ಹಾಕಿದ್ದೆ.

ಕೈ ತೊಳೆಯಲೂ ಹೊತ್ತಿರಲಿಲ್ಲ. ಕೆಸರಾದ ಬಟ್ಟೆಯಲ್ಲೇ ಹೊರಟೆವು. ಇಗರ್ಜಿಯ ಮುಂದಿನ ಅಂಗಳದಲ್ಲಿ ಊರೇ ಸೇರಿತ್ತು. ರತ್ಮೀರ್ ಬೆಳ್ಳಿಯ ಗುಂಡಿಯ ನಿಲುವಂಗಿ ತೊಟ್ಟು ಮೆಟ್ಟಿಲ ಮೇಲೆ ನಿಂತಿದ್ದ.

ನಾನು ತೊಗಟೆಯನ್ನು ಎತ್ತಿ ಹಿಡಿದೆ. ಅವನು ಬಗ್ಗಿ ನೋಡಿ ನಕ್ಕ. "ಅರ್ಧ ತುಂಡು! ಇದ್ರಲ್ಲಿ ನನ್ ಹೆಸ್ರೆಲ್ಲಿದೆ? ಇಂಥದ್ದನ್ನ ಯಾರು ಬೇಕಾದ್ರೂ ಬರೀಬಹುದು. ನಾನು ಇವ್ರಿಗೆ ಯಾವತ್ತೂ ಏನೂ ಬರೆದಿಲ್ಲ."

ಜನ ಗುಸುಗುಸು ಮಾಡಿದರು. ತಾತ ನೆಲ ನೋಡಿದ. ನಾನು ರತ್ಮೀರನ ಬೆಳ್ಳಿ ಗುಂಡಿಗಳನ್ನು ನೋಡಿದೆ. ಒಂದೊಂದನ್ನೂ ಉಜ್ಜಿ ಹೊಳಪು ಮಾಡಿಸಿದ್ದ. ಇವನಿಗೆ ಎಲ್ಲಿ ಚುಚ್ಚಿದರೆ ನೋಯುತ್ತದೆ ಎಂದು ಆಗ ನನಗೆ ಹೊಳೆಯಿತು.

"ಹೆಸ್ರಿಲ್ದೆ ಇದ್ರೂ ಓದೋಕೆ ಅಡ್ಡಿಯಿಲ್ಲ ತಾನೇ?" ಎಂದು ಕೇಳಿದೆ.

"ಓದಮ್ಮಾ, ಓದು. ಬಂದ್ರೆ ಓದು!" ಎಂದು ಅವನು ಈಟಿಯವರ ಕಡೆ ಕಣ್ಣು ಮಿಟುಕಿಸಿದ.

ನಾನು ತೊಗಟೆಯನ್ನು ಕಣ್ಣಿನ ಹತ್ತಿರ ಹಿಡಿದು, ಅಕ್ಷರ ಕೂಡಿಸುವವಳ ಹಾಗೆ ತಡವರಿಸುತ್ತ ಗಟ್ಟಿಯಾಗಿ ಓದಿದೆ. "ಝಾವಿದನ... ಕಾಲಿಗೆ ಬಿದ್ದು... ಅಳುತ್ತಾ ಬೇಡಿಕೊಳ್ಳುತ್ತೇನೆ. ನಾನು ನಿಮ್ಮ... ಮನೆ ಬಾಗಿಲ ನಾಯಿ..."

ಅಂಗಳದಲ್ಲಿ ನಗು ಎದ್ದಿತು. ರತ್ಮೀರನ ಕಿವಿ ಕೆಂಪಾಯಿತು.

"ನಿಮ್ಮ ಎಂಜಲು ತಿಂದು... ಬದುಕಿರುವ..." ಎಂದು ಮುಂದುವರಿಸಿದೆ.

"ಏಯ್, ಸುಳ್ಳು ಓದ್ಬೇಡ ಕಣೇ!" ಎಂದು ಅವನು ಮೆಟ್ಟಿಲಿಳಿದು ಕೂಗಿದ. "ಓದು ಬರ್ದಿದ್ರೆ ಬಾಯಿ ಮುಚ್ಕೊಂಡಿರು! ಕಾಲಿಗೆ ಬೀಳೋದಂತೆ, ನಾಯಂತೆ! ನಾನು ಬರೆದಿದ್ದು ನಮಸ್ಕಾರ ಅಂತ, ಅಷ್ಟೇ!"

ನಗು ನಿಂತುಹೋಯಿತು. ತಾನು ಏನು ಹೇಳಿದೆ ಎಂಬುದು ರತ್ಮೀರನಿಗೆ ಕೊನೆಗೆ ಹೊಳೆಯಿತು.

"ಹೌದು ಸ್ವಾಮಿ, ಇದ್ರಲ್ಲೂ ಹಾಗೇ ಇದೆ," ಎಂದೆ. "ನಮಸ್ಕಾರ. ನಿಮ್ಮ ಹುಲ್ಲುಗಾವಲು. ನಿಮ್ಮ ಅಪ್ಪಣೆ. ಅವತ್ತು ಝಾವಿದನ ಹೆಸ್ರಲ್ಲಿ ಉತ್ತರ ಬರೆದವಳು ನಾನೇ. ಹುಲ್ಲು ಹೂ ಬಿಡೋ ಮುಂಚೆ ಕುದುರೆ ಹೊಡ್ಕೊಂಡ್ ಹೋಗಿ ಅಂತ ಬರೆದಿದ್ದೆ, ಜ್ಞಾಪಕ ಬಂತಾ?"

ತೊಗಟೆ ನನ್ನ ಕೈಯಿಂದ ಮೀನು ಮಾರುವವಳ ಕೈಗೆ ಹೋಯಿತು. ಅವಳು ಓದಿದಳು. ಅವಳ ಪಕ್ಕದ ಕಮ್ಮಾರ ಓದಿದ, ಆಮೇಲೆ ದೋಣಿಯವನು, ಆಮೇಲೆ ತೊಟ್ಟಿಲು ಮಾಡುವವನ ಹೆಂಡತಿ. ಒಬ್ಬರಾದ ಮೇಲೆ ಒಬ್ಬರು ಅದೇ ಸಾಲನ್ನು ಗಟ್ಟಿಯಾಗಿ ಓದುತ್ತ ಹೋದರು. ಒಬ್ಬರೂ ತಡವರಿಸಲಿಲ್ಲ. ರತ್ಮೀರ್ ಒಂದೊಂದೇ ಮುಖ ನೋಡುತ್ತ ನಿಂತಿದ್ದ. ನನ್ನ ಜನರನ್ನು ಕಂಡು ನನ್ನ ಎದೆ ಅವತ್ತು ಉಬ್ಬಿದಷ್ಟು ಮತ್ತೆಂದೂ ಉಬ್ಬಿಲ್ಲ. ಕಣ್ಣಲ್ಲಿ ನೀರು ಬಂದದ್ದನ್ನೂ ಮುಚ್ಚಿಡುವುದಿಲ್ಲ.

"ಹುಲ್ಲುಗಾವಲು ಬೀದಿಯದು!" ಎಂದು ಅಂಗಳ ಒಂದೇ ಬಾಯಲ್ಲಿ ಕೂಗಿತು. ಸಂಜೆಯೊಳಗೆ ರತ್ಮೀರನ ಈಟಿಯವರೇ ಬಂದು ಗೂಟಗಳನ್ನು ಕಿತ್ತುಕೊಂಡು ಹೋದರು.

ಸುಳ್ಳು ಓದಿದ್ದಕ್ಕೆ ಪಾದ್ರಿಯ ಮುಂದೆ ತಪ್ಪೊಪ್ಪಿಕೊಂಡೆ. ಅವರು ನಗು ತಡೆದುಕೊಂಡು ಮೂರು ದಿನ ಉಪವಾಸ ಹೇಳಿದರು. ಓಲೆಯನ್ನು ಇಗರ್ಜಿಯ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡೋಣ ಎಂದೂ ಹೇಳಿದರು.

ನಾನು ಬೇಡವೆಂದೆ. ಬೀದಿಗೆ ಬಂದಾಗ ದಿಮ್ಮಿಗಳನ್ನು ಮತ್ತೆ ಕೂರಿಸುತ್ತಿದ್ದರು. ನನ್ನ ಬಾಗಿಲಿನೆದುರಿನ ಮೂರನೆಯ ಹಳ್ಳ ಇನ್ನೂ ತೆರೆದಿತ್ತು. ಓಲೆಯನ್ನು ತೆಗೆದು ಎಂದಿನ ಅಭ್ಯಾಸದಂತೆ ಹರಿಯಲು ಹೋದೆ. ದೊಮಾಝಿರ್ ತಾತ ನನ್ನ ಕೈ ಹಿಡಿದುಕೊಂಡ.

"ಹರೀಬೇಡಮ್ಮಾ. ಹಾಗೇ ಹಾಕು. ಎಲ್ಲಿದೆ ಅಂತ ಈಗ ಬೀದಿಗೆಲ್ಲ ಗೊತ್ತು."

ಹಾಗೆಯೇ ಹಾಕಿದೆ. ತಾತ ಅದರ ಮೇಲೆ ದಿಮ್ಮಿಯನ್ನು ಉರುಳಿಸಿ ಕೊಡಲಿಯ ಹಿಂಬದಿಯಿಂದ ಎರಡೇಟು ಹಾಕಿ ಕೂರಿಸಿದ. ಮಾರನೆಯ ಬೆಳಿಗ್ಗೆ ಕುಡುಗೋಲು ಹೆಗಲಿಗೇರಿಸಿಕೊಂಡು, ರಾಜನ ಕಾರಭಾರಿಯ ನಮಸ್ಕಾರವನ್ನು ಮೆಟ್ಟಿಕೊಂಡೇ, ಬೀದಿಯವರೆಲ್ಲ ಹುಲ್ಲು ಕೊಯ್ಯಲು ಹೋದೆವು.