ಬಿಳಿ ಗೌನಿಗಾಗಿ ಒಂದು ಗ್ರಾಫಿಕ್ಸ್ ಕಾರ್ಡ್

ನಾನು ಹೊಲಿದ ಗೌನನ್ನು ತಾನು ಹೊಲಿದದ್ದು ಎಂದು ನನ್ನ ನಾದಿನಿ ಎಡೆಲ್ಮೀರಾ ಹವಾನಾದ ಈ ಸೆರ್ರೋ ಬಡಾವಣೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಇವತ್ತು ನಿನ್ನೆಯಿಂದಲ್ಲ, ನನ್ನ ಮಗಳು ಹುಟ್ಟಿದಾಗಿನಿಂದ. ಆ ಮಗಳಿಗೇ ಈಗ ತಲೆ ನರೆಯುತ್ತಿದೆ.

ಗೌನು ಅಂತಿಂಥದ್ದಲ್ಲ. ಸಕ್ಕರೆ ಗಿರಣಿಯ ಯಜಮಾನನ ಮಗಳು ಅಪ್ಪನ ಔತಣದಲ್ಲಿ ಗಿರಣಿಯ ಆಳಿನ ಕೈಹಿಡಿದು ಕುಣಿಯುವ ಸಿನಿಮಾ ಒಂದಿದೆ. ಅವಳು ತೊಟ್ಟಿರುವ ಬಿಳಿ ಗೌನು ಅದು. ಆಗ ನಾನೂ ಎಡೆಲ್ಮೀರಾಳೂ ಸಿನಿಮಾದವರ ಹೊಲಿಗೆ ಕೋಣೆಯಲ್ಲಿ ಕೆಲಸಕ್ಕಿದ್ದೆವು. ಅಳತೆ ತೆಗೆದವಳು ನಾನು, ಕತ್ತರಿಸಿದವಳು ನಾನು, ಬಸುರಿ ಹೊಟ್ಟೆಯ ಮೇಲೆ ಬಟ್ಟೆ ಹರಡಿಕೊಂಡು ಒಂದೊಂದೇ ಮಣಿ ಕೂರಿಸಿದವಳೂ ನಾನೇ. ಚಿತ್ರೀಕರಣದ ದಿನ ಮಾತ್ರ ನಾನು ಹೆರಿಗೆ ಆಸ್ಪತ್ರೆಯಲ್ಲಿದ್ದೆ. ಇವಳು ನಾಯಕಿಯ ಪಕ್ಕ ನಿಂತು, ಗೌನಿನ ಅಂಚು ಹಿಡಿದುಕೊಂಡು ಫೋಟೋ ತೆಗೆಸಿಕೊಂಡಳು. ಅಷ್ಟೇ ನೋಡಿ. ಫೋಟೋ ಅವಳ ನಡುಮನೆಯ ಗೋಡೆಗೆ ಏರಿತು, ಗೌನು ಅವಳದಾಯಿತು.

ಸಿನಿಮಾ ನೋಡಿಯೇ ಇತ್ಯರ್ಥ ಮಾಡೋಣವೆಂದರೆ ನಮಗೆ ಸಿಕ್ಕುತ್ತಿದ್ದ ಹಳೆಯ ಪ್ರತಿಯಲ್ಲಿ ಗೌನು ಬರೀ ಬಿಳಿ ಮುದ್ದೆ. ಈ ವರ್ಷ ಯಾವುದೋ ದೇಶದವರು ಆ ರೀಲುಗಳನ್ನು ತೊಳೆದು ತಿಕ್ಕಿ ಎಚ್‌ಡಿ ಮಾಡಿದರಂತೆ. ಪ್ರತಿ ವಾರ ಹಾರ್ಡ್ ಡಿಸ್ಕಿನಲ್ಲಿ ಸಿನಿಮಾ, ಧಾರಾವಾಹಿ ತುಂಬಿಕೊಂಡು ಮನೆಮನೆಗೆ ಬರುತ್ತದಲ್ಲ ಪಕೇತೆ, ಅದರಲ್ಲಿ ನಮ್ಮ ಬೀದಿಗೂ ಬಂತು. ನಾನು ಅಕ್ಕಪಕ್ಕದವರನ್ನೆಲ್ಲ ಕರೆದೆ. ಎಡೆಲ್ಮೀರಾಳನ್ನು ಮೊದಲು ಕರೆದೆ.

ಮರ್ಯಾದೆ ಹೋಯಿತು. ನನ್ನ ಮುದಿ ಕಂಪ್ಯೂಟರಿನಲ್ಲಿ ಹಾಡು ಮುಂದೆ ಓಡಿತು, ಚಿತ್ರ ಹಿಂದೆಯೇ ಕುಳಿತಿತು. ನಾಯಕಿ ಒಂದು ಕಾಲೆತ್ತಿದವಳು ಹಾಗೇ ನಿಂತಳು, ಆಮೇಲೆ ಚೌಕ ಚೌಕವಾಗಿ ಒಡೆದುಹೋದಳು. ಜನ ನಕ್ಕರು.

"ಅತ್ತಿಗೆ, ನಿಮ್ಮ ಮಿಶನ್ನಿಗೂ ನಿಜ ಗೊತ್ತು ಕಣ್ರೀ," ಎಂದಳು ಎಡೆಲ್ಮೀರಾ, ಬೀಸಣಿಗೆ ಬೀಸಿಕೊಳ್ಳುತ್ತಾ. "ಅದಕ್ಕೇ ಮುಂದೆ ಹೋಗಲ್ಲ ಅಂತ ಹಟ ಹಿಡಿದಿದೆ."

ನನಗೆ ಪಿತ್ತ ನೆತ್ತಿಗೇರಿತು. "ಇವತ್ತು ನಗು. ಇದೇ ಕುರ್ಚಿ ಮೇಲೆ ಕೂರಿಸಿ ತೋರಿಸ್ತೀನಿ, ಆಗಲೂ ನಗುವಿಯಂತೆ," ಎಂದೆ.

ಮೂಲೆಮನೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಓಸ್ಮೆಲ್ ಬಂದು ಮುಚ್ಚಳ ಬಿಚ್ಚಿ ನೋಡಿದ.

"ಅಮ್ಮ, ಇಷ್ಟು ದೊಡ್ಡ ಸಿನಿಮಾ ಎಳೆಯೋ ತಾಕತ್ತು ಇದಕ್ಕಿಲ್ಲ. ಗ್ರಾಫಿಕ್ಸ್ ಕಾರ್ಡ್ ಬದಲಾಯಿಸ್ಬೇಕು. ಅದಕ್ಕೆ ತಕ್ಕ ಹಾಗೆ ಪವರ್ ಸಪ್ಲೈನೂ ಹಾಕ್ಬೇಕು. ಎರಡೂ ನನ್ನ ಹತ್ರ ಇದೆ."

"ನಿನಗೇನು ಕೊಡ್ಲಿ?"

ಅವನು ತಲೆ ಕೆರೆದುಕೊಂಡ. "ನನ್ನ ಮಗಳು ಲಿಯಾನೆಟ್‌ಗೆ ಹದಿನೈದು ತುಂಬ್ತಾ ಇದೆ. ಬಾಡಿಗೆ ಗೌನು ಹಾಕ್ಕೊಂಡು ಫೋಟೋಗೆ ನಿಲ್ಲಲ್ಲ ಅಂತಾಳೆ. ಎಲ್ಲಾ ಹುಡುಗೀರೂ ಅದೇ ನೀಲಿ ಗೌನಲ್ಲಿ ನಿಂತಿದಾರಂತೆ." ನಮ್ಮಲ್ಲಿ ಹುಡುಗಿಗೆ ಹದಿನೈದು ತುಂಬಿದರೆ ಮದುವೆಯಷ್ಟೇ ದೊಡ್ಡ ಹಬ್ಬ, ಗೌನು ತೊಟ್ಟು ಫೋಟೋ ತೆಗೆಸಲೇಬೇಕು.

"ಕರ್ಕೊಂಡ್ ಬಾ. ಅಳತೆ ತಗೋತೀನಿ."

ಕಣ್ಣು ಮಂಜು, ಬೆರಳು ಸೆಟೆದುಕೊಂಡಿವೆ, ಆದರೂ ಹೊಲಿದೆ. ಎಡೆಲ್ಮೀರಾ ಕಿಟಕಿಯಲ್ಲಿ ಇಣುಕಿ, "ಈ ವಯಸ್ಸಲ್ಲಿ ಗ್ರಾಫಿಕ್ಸ್ ಕಾರ್ಡ್ ಯಾಕೆ ಅತ್ತಿಗೆ? ಕನ್ನಡಕ ಹಾಕಿಸ್ಕೊಳ್ಳಿ," ಎಂದಳು. ನಾನು ಹಲ್ಲಿನಿಂದ ದಾರ ಕಡಿದೆ. ಮಲ್ಲಿಗೆ ಬಣ್ಣದ ಆ ಗೌನು ತೊಟ್ಟು ಲಿಯಾನೆಟ್ ಕನ್ನಡಿ ಮುಂದೆ ಅತ್ತುಬಿಟ್ಟಳು. ಕೈ ಇನ್ನೂ ಕೆಟ್ಟಿಲ್ಲ ಎಂದು ನನಗೇ ಧೈರ್ಯ ಬಂತು.

ಭಾನುವಾರ ಮಧ್ಯಾಹ್ನ ಓಸ್ಮೆಲ್ ಕಾರ್ಡ್ ಕೂರಿಸಿದ. ಅದು ಎಷ್ಟು ಉದ್ದವಿತ್ತೆಂದರೆ ಒಳಗಿನ ತಗಡು ಕತ್ತರಿಸಬೇಕಾಯಿತು. ಮುಚ್ಚಳ ಮತ್ತೆ ಹಾಕಲಾಗಲಿಲ್ಲ. ಬೀದಿಯವರೆಲ್ಲ ಮತ್ತೆ ಬಂದರು. ಎಡೆಲ್ಮೀರಾ ಅದೇ ಕುರ್ಚಿಯಲ್ಲಿ ಕೂತಳು.

ಶುರು ಮಾಡುವ ಮುಂಚೆ ಎಲ್ಲರಿಗೂ ಕೇಳುವ ಹಾಗೆ ಅವಳನ್ನು ಕೇಳಿದೆ. "ಆ ಗೌನು ನೀನೇ ಹೊಲಿದಿದ್ದು ಅಲ್ವಾ? ಹಾಗಿದ್ರೆ ಹೇಳು, ಬಿಳಿ ಅಲ್ಲದ್ದು ಅದರಲ್ಲಿ ಏನಿದೆ?"

"ಏನಿರುತ್ತೆ? ಕತ್ತಿಂದ ಅಂಚಿನವರೆಗೂ ಬಿಳಿ. ಮಣಿ ಬಿಳಿ, ದಾರ ಬಿಳಿ."

"ಎಲ್ಲರೂ ಕೇಳಿಸ್ಕೊಂಡ್ರಲ್ಲ?" ಎಂದು ಗುಂಡಿ ಒತ್ತಿದೆ.

ಏನೂ ಆಗಲಿಲ್ಲ. ಫ್ಯಾನು ತಿರುಗಲಿಲ್ಲ, ದೀಪ ಹತ್ತಲಿಲ್ಲ. ಮತ್ತೆ ಒತ್ತಿದೆ. "ಹಳೇ ಕಾರ್ಡ್ ತಂದು ತಲೆಗೆ ಕಟ್ಟಿದಾನೆ," ಎಂದರು ಯಾರೋ. ಎಡೆಲ್ಮೀರಾ ಬೀಸಣಿಗೆ ಮಡಿಸಿ ಏಳಲು ಹೊರಟಳು.

"ಕೂತ್ಕೊಳೇ," ಎಂದೆ. "ಈ ಮನೆಯಿಂದ ಯಾರೂ ಹೋಗೋ ಹಾಗಿಲ್ಲ."

ಓಸ್ಮೆಲ್ ಮಿಶನ್ನಿನ ಹಿಂದೆ ಬಗ್ಗಿದವನು ಹಣೆ ಚಚ್ಚಿಕೊಂಡ. ಪವರ್ ಸಪ್ಲೈಯನ್ನು ತನ್ನ ಮನೆಯಲ್ಲಿ ಎ.ಸಿ.ಗೆಂದು ಹಾಕಿಸಿದ ಇನ್ನೂರಿಪ್ಪತ್ತು ವೋಲ್ಟಿನ ಪ್ಲಗ್ಗಿಗೆ ಚುಚ್ಚಿ ಪರೀಕ್ಷೆ ಮಾಡಿದ್ದ. ಆ ಡಬ್ಬಿಯ ಹಿಂದಿನ ಕೆಂಪು ಗುಂಡಿ ಇನ್ನೂರಿಪ್ಪತ್ತರಲ್ಲೇ ಉಳಿದಿತ್ತು. ನನ್ನ ಮನೆಯ ಪ್ಲಗ್ಗಿನಲ್ಲಿ ಬರುವುದು ನೂರಹತ್ತು. ಈ ಊರಿನಲ್ಲಿ ಎರಡು ಬಗೆಯ ಕರೆಂಟು, ಎಲ್ಲರಿಗೂ ಗೊತ್ತು, ಎಲ್ಲರೂ ಮರೆಯುತ್ತಾರೆ. ಕುತ್ತಿಗೆಯ ಹತ್ತಿರ ಸಿಕ್ಕಿಸಿಕೊಂಡಿದ್ದ ದಪ್ಪ ಸೂಜಿ ತೆಗೆದುಕೊಟ್ಟೆ. ಅವನು ತಂತಿ ಕಿತ್ತು, ಸೂಜಿಯ ತುದಿಯಿಂದ ಗುಂಡಿಯನ್ನು ಪಕ್ಕಕ್ಕೆ ಸರಿಸಿ, ತಂತಿ ಮತ್ತೆ ಚುಚ್ಚಿದ. ಫ್ಯಾನು ಗುರ್ರೆಂದಿತು.

ಹೇಗೆ ಹೇಳಲಿ. ಹಾಡೂ ಚಿತ್ರವೂ ಒಟ್ಟಿಗೇ ನಡೆದವು. ಗಿರಣಿಯ ಯಜಮಾನನ ಮೀಸೆಯ ಬೆವರು ಕಂಡಿತು. ಬಾಗಿಲಲ್ಲಿ ನಾಯಕಿ ಬಂದು ನಿಂತಳು, ನನ್ನ ಗೌನು ಬಂದು ನಿಂತಿತು, ಹೊಲಿಗೆ ಹೊಲಿಗೆಯೂ ಎಣಿಸುವ ಹಾಗೆ. ಅವಳು ತಿರುಗಿದಳು. ಎಡ ಎದೆಯ ಕೆಳಗೆ, ಅಷ್ಟು ಬಿಳಿ ಮಣಿಗಳ ನಡುವೆ, ಒಂದು ಕಪ್ಪು ಮಣಿ.

ಅಲ್ಲಿಗೆ ನಿಲ್ಲಿಸಿದೆ.

"ದೃಷ್ಟಿಮಣಿ," ಎಂದೆ. "ಹುಟ್ಟೋ ಮಗುಗೆ ಅಂತ ಎರಡು ತಂದಿದ್ದೆ. ಒಂದು ನನ್ನ ಮಗಳ ಅಂಗಿಗೆ ಹಾಕಿದೆ. ಈ ನಾಯಕಿ ಹುಡುಗಿ ಅಳತೆ ಕೊಡೋವಾಗ ಎರಡು ಸಲ ತಲೆ ತಿರುಗಿ ಬಿದ್ದಳು, ಪಾಪ, ಇನ್ನೊಂದನ್ನ ಅವಳಿಗೆ ಹೊಲಿದೆ. ಹೊಲಿದೋರಿಗೆ ಮಾತ್ರ ಗೊತ್ತು. ಈಗ ಬಡಾಯಿ ಕೊಚ್ಚು ನೋಡೋಣ."

ಎಡೆಲ್ಮೀರಾಳ ಮುಖ ಸುಣ್ಣದ ಹಾಗಾಗಿತ್ತು. ಸುಳ್ಳು ಹೇಳಬಾರದು, ನನಗೆ ಬಹಳ ಖುಷಿಯಾಯಿತು.

ಅವಳು ಮೆಲ್ಲಗೆ, "ಮುಂದಕ್ಕೆ ಬಿಡಿ ಅತ್ತಿಗೆ," ಎಂದಳು. "ಅವಳು ಕೈ ಎತ್ತೋ ತನಕ."

ಬಿಟ್ಟೆ. ನಾಯಕಿ ಕುಣಿಯುತ್ತಾ ಬಲಗೈ ಮೇಲೆತ್ತಿದಳು. ಕಂಕುಳಲ್ಲಿ ಒಂದು ಗೇಣು ಉದ್ದ ಹೊಲಿಗೆ ಬಿಚ್ಚಿಹೋಗಿ, ದಪ್ಪ ದಾರದಲ್ಲಿ ಸೊಟ್ಟಸೊಟ್ಟಗೆ ಕೂಡಿಸಲಾಗಿತ್ತು. ಪಕ್ಕದಲ್ಲಿ ಸಾಸಿವೆಯಷ್ಟು ಕಂದು ಕಲೆ. ನನ್ನ ಕೈಯ ಕೆಲಸವಲ್ಲ ಅದು. ನಾನು ಅದನ್ನು ನೋಡಿಯೇ ಇರಲಿಲ್ಲ.

"ಮೊದಲನೇ ಸಲ ಕುಣಿದಾಗಲೇ ಹರಿದುಹೋಯ್ತು," ಎಂದಳು ಎಡೆಲ್ಮೀರಾ. "ನೀವು ಆಸ್ಪತ್ರೇಲಿ. ಎಲ್ಲರೂ ನನ್ನನ್ನೇ ಬೈಯ್ತಾ ಇದ್ರು. ಬಿಚ್ಚಿಸೋಕೆ ಹೊತ್ತಿರ್ಲಿಲ್ಲ, ಮೈ ಮೇಲೇ ಹೊಲಿದೆ. ಅವಸರದಲ್ಲಿ ಬೆರಳಿಗೆ ಚುಚ್ಕೊಂಡೆ. ಆ ರಕ್ತ ನನ್ನದು. ಆ ಹೊಲಿಗೆ ಇಲ್ಲದಿದ್ರೆ ಅವತ್ತು ಕುಣಿತವೂ ಇಲ್ಲ, ಸಿನಿಮಾನೂ ಇಲ್ಲ."

ಎಲ್ಲರೂ ನನ್ನ ಮುಖ ನೋಡಿದರು. ತಬ್ಬಿಕೊಂಡು ಅಳುತ್ತೇನೆ ಅಂದುಕೊಂಡರೋ ಏನೋ. ಆದರೆ ಇಷ್ಟು ವರ್ಷ ಉರಿದ ಹೊಟ್ಟೆ ಒಂದು ಗೇಣು ಹೊಲಿಗೆಗೆ ತಣ್ಣಗಾಗುತ್ತದೆಯೇ?

"ಸರಿ," ಎಂದೆ. "ಕಂಕುಳು ನಿನ್ನದು. ಗೌನು ನನ್ನದು."

"ಕಂಕುಳಿಲ್ಲದಿದ್ರೆ ಗೌನು ನೆಲಕ್ಕೆ ಬೀಳ್ತಿತ್ತು ಅತ್ತಿಗೆ."

"ಬೀಳ್ಲಿ. ಬಿದ್ದಿದ್ರೂ ನನ್ನದೇ ಬೀಳ್ತಿತ್ತು."

ಅವಳು ಮೂಗು ಮುರಿದಳು, ಆದರೆ ಏಳಲಿಲ್ಲ. ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು, "ಮೊದಲಿಂದ ಹಾಕಿ," ಎಂದಳು. "ನನ್ನ ಕಂಕುಳು ಬಂದಾಗ ನಿಲ್ಲಿಸಿ."

"ನನ್ನ ಮಣಿ ಮೊದಲು ಬರುತ್ತೆ," ಎಂದು ಮೊದಲಿನಿಂದ ಹಾಕಿದೆ.