ಒಂದು ರಾಗಿಕಾಳಿನಷ್ಟು

ಮೊರದ ತುದಿಗೆ ಬಂದ ಕಲ್ಲನ್ನು ಹೆಬ್ಬೆರಳಲ್ಲಿ ಆಚೆ ತಳ್ಳಿ, ರಾಗಿಯನ್ನು ಇನ್ನೊಮ್ಮೆ ಕೇರಲು ಮೊರ ಎತ್ತಿದ ಭಾಗ್ಯಮ್ಮನ ಕೈ ಅಲ್ಲೇ ನಿಂತಿತು. ಗ್ಯಾರೇಜಿನೊಳಗಿನ ಸದ್ದು ಬದಲಾಗಿತ್ತು. ತಮ್ಮ ನಂಜಣ್ಣ ಕಾರಿಗೆ ಚಕ್ರ ಕೂರಿಸುತ್ತಿದ್ದ. ಮೊದಲ ಬೋಲ್ಟು ಸುಮ್ಮನೆ ತಿರುಗಿಕೊಂಡು ಹೋಗಿತ್ತು. ಎರಡನೆಯದೂ ಅಷ್ಟೇನು ಸತಾಯಿಸಲಿಲ್ಲ. ಮೂರನೆಯದಕ್ಕೆ ಅವನು ಉಸಿರು ಬಿಗಿಹಿಡಿದ. ನಾಲ್ಕನೆಯದಕ್ಕೆ ಪಾನಾದ ಮೇಲೆ ಕಾಲಿಟ್ಟು ನಿಂತೇಬಿಟ್ಟ.

ಬಿಳಿಕೆರೆಯ ಹೆದ್ದಾರಿ ಪಕ್ಕದ ಆ ಗ್ಯಾರೇಜಿನ ಹಿಂದಿನ ಎರಡು ಕೋಣೆಯೇ ಅಕ್ಕ ತಮ್ಮನ ಮನೆ. ಹನ್ನೊಂದು ತಿಂಗಳಿಂದ ಗ್ಯಾರೇಜಿನ ಅರ್ಧ ಜಾಗವನ್ನು ಕೆನೆಬಣ್ಣದ ಹಳೆಯ ಫಿಯಟ್ ಹಿಡಿದುಕೊಂಡಿತ್ತು. ಅದು ನರ್ಸ್ ಲಕ್ಷ್ಮಿದೇವಿಯವರದು. ಅಂತರಸಂತೆಯ ಸುತ್ತಿನ ಕಾಡಂಚಿನ ಹಾಡಿಗಳಿಗೆ ಚುಚ್ಚುಮದ್ದು ಹಾಕಲು ಅವರು ಅದನ್ನು ಓಡಿಸಿಕೊಂಡು ಹೋಗುವಾಗ ಎಡಗಡೆ ಸೀಟಿನಲ್ಲಿ, ತೊಡೆಯ ಮೇಲೆ ಐಸ್ ಪೆಟ್ಟಿಗೆ ಇಟ್ಟುಕೊಂಡು ಹನ್ನೆರಡು ವರ್ಷ ಕೂತಿದ್ದವಳು ಆಯಾ ಭಾಗ್ಯಮ್ಮ. ಪೆಟ್ಟಿಗೆಯ ತಣ್ಣನೆಗೆ ಮಂಡಿ ಮರಗಟ್ಟಿದರೂ ಆ ಸೀಟನ್ನು ಯಾರಿಗೂ ಬಿಟ್ಟವಳಲ್ಲ.

ಈಗ ಲಕ್ಷ್ಮಿದೇವಿ ಪಿರಿಯಾಪಟ್ಟಣದಲ್ಲಿ ತಂಗಿಯ ಮಗನ ಮನೆಯಲ್ಲಿದ್ದರು. ನಿಂತೇ ಇರುವ ಕಾರನ್ನು ಗುಜರಿಗೆ ಹಾಕೋಣವೆಂದು ಅವನು ದಿನಾ ಪೀಡಿಸುತ್ತಿದ್ದ. ಅವರು ಅದನ್ನು ಎಳೆಸಿಕೊಂಡು ಬಂದು ನಂಜಣ್ಣನ ಮುಂದೆ ನಿಲ್ಲಿಸಿ ಒಂದು ಷರತ್ತು ಹಾಕಿದ್ದರು.

“ಮೆಕ್ಯಾನಿಕ್ಕು, ಟೈಲರು, ಇಬ್ರೂ ಫೋನಲ್ಲಿ ನಾಳೆ ಅಂತ್ಲೇ ಹೇಳೋದು. ನಂಗೆ ಫೋನ್ ಬೇಡ. ಗಾಡಿ ಓಡೋ ಹಂಗಾದಾಗ ಭಾಗ್ಯ ಒಂದು ಕಾಗದ ಬರೀಲಿ. ಬರೋ ದೀಪಾವಳಿಯೊಳಗೆ ಕಾಗದ ಬರ್ಲಿಲ್ವೋ, ಗುಜರಿಯವ್ನು ಬರ್ತಾನೆ.”

ಹತ್ತು ದಿನದ ಕೆಲಸ ಎಂದಿದ್ದ ನಂಜಣ್ಣ. ಭಾಗ್ಯಮ್ಮ ಅಂದು ಸಂಜೆಯೇ ಕಾಗದ ಬರೆದಿಟ್ಟಳು. ‘ಸಿಸ್ಟ್ರಮ್ಮನವರಿಗೆ ನಮಸ್ಕಾರ. ಗಾಡಿ ಸಿದ್ಧವಾಗಿದೆ. ಬನ್ನಿ. ನಾನು ಎಡಗಡೆ ಕೂರುತ್ತೇನೆ.’ ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟು, ಕವರಿಗೆ ಸ್ಟಾಂಪು ಹಚ್ಚಿ, ಸಾಸಿವೆ ಡಬ್ಬಿಯ ಹಿಂದೆ ನಿಲ್ಲಿಸಿದಳು. ಅಲ್ಲಿಂದ ಅದು ಕದಲಿರಲಿಲ್ಲ. ಕಾರ್ಬುರೇಟರ್ ಸರಿಯಾಗುವಷ್ಟರಲ್ಲಿ ಬ್ರೇಕು ಕೈಕೊಟ್ಟಿತು, ಬ್ರೇಕು ಮುಗಿಯುವಷ್ಟರಲ್ಲಿ ಚಕ್ರ ನೋಡಿದರೆ ತುಕ್ಕು ತಿಂದು ಹಪ್ಪಳವಾಗಿದ್ದವು. ಆ ಅಳತೆಯ ಟೈರೂ ಎಲ್ಲೂ ಸಿಗಲಿಲ್ಲ. ಕೊನೆಗೆ ಹುಣಸೂರಿನ ಗುಜರಿ ಅಂಗಡಿ ಚಂದುವಿನ ಹತ್ತಿರ ಯಾವುದೋ ಹೊಸ ಕಾರಿನ ಫಳಫಳ ಹೊಳೆಯುವ ನಾಲ್ಕು ಚಕ್ರ ಟೈರಿನ ಸಮೇತ ಸಿಕ್ಕಿದ್ದವು. ದೀಪಾವಳಿಗೆ ಇನ್ನು ಒಂಬತ್ತು ದಿನ.

ನಂಜಣ್ಣ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದ. “ಮುಗೀತು ಕಣಕ್ಕ. ಕಾಗ್ದ ಆಕ್ಬುಡು.”

“ಕೊನೇ ಬೋಲ್ಟಿಗೆ ಅದ್ಯಾಕ್ಲಾ ಕಾಲಾಕ್ದೆ?”

“ಒಸಾ ಚಕ್ರ, ಬಿಗಿ ಇರ್ತದೆ. ಅಲ್ಲೂ ನಾಕು ತೂತು, ಇಲ್ಲೂ ನಾಕು. ಇನ್ನೇನ್ ಬೇಕು?”

ಭಾಗ್ಯಮ್ಮ ಮೊರ ಬದಿಗಿಟ್ಟು ಎದ್ದು ಹೋಗಿ, ಜಾಕಿನ ಮೇಲೆ ನಿಂತಿದ್ದ ಕಾರಿನ ಮುಂದಿನ ಚಕ್ರವನ್ನು ಕೈಯಿಂದ ತಿರುಗಿಸಿದಳು. ಪೊರಕೆಯಿಂದ ಒಂದು ಕಡ್ಡಿ ಕಿತ್ತು ಚಕ್ರದ ಅಂಚಿಗೆ ತಾಗೀತೋ ಇಲ್ಲವೋ ಎಂಬಂತೆ ಹಿಡಿದಳು. ಒಂದು ಸುತ್ತಿನಲ್ಲಿ ಕಡ್ಡಿ ಒಂದು ಕಡೆ ಕಿರ್ ಎಂದಿತು, ಇನ್ನೊಂದು ಕಡೆ ಸದ್ದೇ ಇಲ್ಲ. ಇನ್ನೊಂದು ಸುತ್ತು. ಅದೇ ಜಾಗದಲ್ಲಿ ಕಿರ್. ನಂಜಣ್ಣನೂ ನೋಡಿದ. ನಾಲ್ಕು ದಿನ ಓಡಿದ ಮೇಲೆ ಸರಿಹೋಗುತ್ತದೆಂದು ಗೊಣಗಿದನಾದರೂ ಅವನ ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

ಬಿಚ್ಚು ಎಂದಳು. ಬಿಚ್ಚಿದ. ಕೊನೆಯ ಬೋಲ್ಟಿನ ಕುತ್ತಿಗೆ ಒಂದೇ ಮಗ್ಗುಲಿಗೆ ಸವೆದು ಹೊಳೆಯುತ್ತಿತ್ತು.

ನಾಲ್ಕಕ್ಕೆ ನಾಲ್ಕು ಇದ್ದೂ ಕೂರುವುದಿಲ್ಲವೆಂದರೆ ಏನರ್ಥ? ಭಾಗ್ಯಮ್ಮನಿಗೆ ಅದನ್ನು ಕಣ್ಣಾರೆ ಕಾಣದೆ ಸಮಾಧಾನವಿಲ್ಲ. ಹಳೇ ಕ್ಯಾಲೆಂಡರಿನ ಎರಡು ಹಾಳೆ ತಂದಳು. ಹಳೆಯ ಚಕ್ರದ ಹಿಂಬದಿಗೆ ಒಂದನ್ನು ಒತ್ತಿ ಹಿಡಿದು, ತಮ್ಮನ ಗ್ರೀಸು ಮೆತ್ತಿದ ಅಂಗೈಯನ್ನೇ ಎಳೆದು ಅದರ ಮೇಲೆ ಉಜ್ಜಿಸಿದಳು. ತೂತಿನ ಅಂಚುಗಳು ಕಪ್ಪಗೆ ಮೂಡಿದವು. ಹೊಸ ಚಕ್ರಕ್ಕೂ ಹಾಗೆಯೇ. ಹಬ್ಬಕ್ಕೆ ರಂಗೋಲಿ ಅಚ್ಚು ಕತ್ತರಿಸುವ ಹಾಗೆ ಎರಡು ಹಾಳೆಯಲ್ಲೂ ನಾಲ್ಕು ನಾಲ್ಕು ತೂತು ಕತ್ತರಿಸಿದಳು. ಬೆಳಿಗ್ಗೆ ಸಾರಿಸಿದ್ದ ಅಂಗಳದಲ್ಲಿ ಹಳೇ ಚಕ್ರದ ಹಾಳೆ ಹಾಸಿ ರಂಗೋಲಿ ಪುಡಿ ಉದುರಿಸಿ ಎತ್ತಿದರೆ, ನಾಲ್ಕು ಬಿಳಿ ಬಿಲ್ಲೆ.

ಅದರ ಮೇಲೆ ಎರಡನೆಯ ಹಾಳೆಯನ್ನು ಮೆಲ್ಲನೆ ಇಳಿಸಿದಳು. ಒಂದು ಬಿಲ್ಲೆ ತೂತಿನ ತುಂಬಾ ಸರಿಯಾಗಿ ಕೂತಿತು. ಎದುರಿನ ತೂತಿನಲ್ಲಿ ಬಿಳಿಯ ಪಕ್ಕ ನೆಲದ ಬಣ್ಣ ಇಣುಕಿತು, ಬಿದಿಗೆಯ ಚಂದ್ರನಂತೆ. ಭಾಗ್ಯಮ್ಮ ಮೊರದಿಂದ ಒಂದು ರಾಗಿಕಾಳು ಹೆಕ್ಕಿ ಆ ಸಂದಿಯಲ್ಲಿಟ್ಟಳು. ಅಳೆದಿಟ್ಟಂತೆ ಕೂತಿತು. ಹೊಸ ಚಕ್ರದ ತೂತುಗಳು ನಿಂತ ಸುತ್ತು ಒಂದು ಕಾಳಿನಷ್ಟು ದೊಡ್ಡದು.

ನಂಜಣ್ಣ ಕುಕ್ಕರುಗಾಲಲ್ಲಿ ಕೂತು ಆ ಕಾಳನ್ನೇ ನೋಡಿದ. “ಒಂದು ಕಾಳು ತಾನೆ. ತೂತ ಅಷ್ಟು ಅಗಲ ಮಾಡ್ಸಿಬುಟ್ರೆ?”

“ಆಮೇಲೆ ಬೋಲ್ಟು ಏನನ್ನ ಇಡ್ಕೊಂಡ್ ಕೂರ್ತದೆ?”

ಅವನು ತಲೆ ಕೆರೆದುಕೊಂಡ. ಇಪ್ಪತ್ತೆಂಟು ವರ್ಷದಿಂದ ಚಕ್ರ ಬಿಚ್ಚಿ ಹಾಕಿದ್ದೇನೆ, ತೂತು ಎಣಿಸಿದ್ದೇನೆಯೇ ಹೊರತು ಅವು ನಿಂತಿರುವ ಸುತ್ತನ್ನು ಅಳೆದಿಲ್ಲವೆಂದು ಒಪ್ಪಿಕೊಂಡ. ಹಾಕಿದ್ದೆಲ್ಲ ಅದೇ ಗಾಡಿಯ ಚಕ್ರ, ಅಳೆಯುವ ಪ್ರಸಂಗವೇ ಬಂದಿರಲಿಲ್ಲ.

ಮಾರನೆಯ ದಿನ ಭಾಗ್ಯಮ್ಮ ಹಳೇ ಚಕ್ರದ ಹಾಳೆಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಹುಣಸೂರಿನ ಬಸ್ಸು ಹತ್ತಿದಳು. ಅದನ್ನು ನೋಡಿ ಚಂದು ನಕ್ಕ. “ಟೈಲರ್ ಅಂಗ್ಡಿಗೆ ಅಳತೆ ರವಿಕೆ ತಂದಂಗೆ ತಂದಿದೀರಲ್ಲವ್ವ.”

“ಹೂ ಕಣಪ್ಪ. ಒಲ್ದಿಟ್ಟಿರೋ ರವಿಕೆ ತೋರ್ಸು, ಇಟ್ಟು ನೋಡ್ತೀನಿ.”

ಅವಳು ರಾಶಿಯಲ್ಲಿದ್ದ ಒಂದೊಂದೇ ಚಕ್ರದ ಬೆನ್ನಿಗೆ ಹಾಳೆ ಹಾಸುತ್ತಾ ಹೋದಳು. ಎಷ್ಟೋ ಚಕ್ರಕ್ಕೆ ನಾಲ್ಕೇ ತೂತು, ಆದರೆ ಒಂದೊಂದರದು ಒಂದೊಂದು ಸುತ್ತು. ಇದೇನು, ಒಬ್ಬೊಬ್ಬರು ಒಂದೊಂದು ಅಳತೆ ಹಿಡಿದಿದ್ದಾರಲ್ಲ, ಯಾಕಿರಬಹುದು ಎಂದು ಅವಳಿಗೆ ಬಂದ ಕೆಲಸಕ್ಕಿಂತ ಅದೇ ಸೋಜಿಗವಾಯಿತು. ಚಂದುವೂ ತನ್ನ ಗಿರಾಕಿಗಳನ್ನು ಮರೆತು ಚಕ್ರ ಉರುಳಿಸಿ ತಂದುಕೊಡತೊಡಗಿದ. ಎಂಟನೆಯದೋ ಒಂಬತ್ತನೆಯದೋ, ಮಸಿ ಹಿಡಿದ ಒಂದು ಕಬ್ಬಿಣದ ಚಕ್ರದ ಮೇಲೆ ನಾಲ್ಕೂ ತೂತು ಒಟ್ಟಿಗೆ ಕಣ್ಣು ಬಿಟ್ಟವು. ಫಿಯಟ್‌ನವರದೇ ಆಮೇಲಿನ ಕಾರಿನದು ಎಂದ ಚಂದು. ಅದರ ಜೊತೆಯ ಇನ್ನು ಮೂರೂ ರಾಶಿಯ ಅಡಿಯಲ್ಲಿದ್ದವು. ಅದಕ್ಕೆ ಟೈರೂ ಸಿಗುತ್ತಿತ್ತು.

“ಒಳ್ಳೆ ರೊಟ್ಟಿ ಹೆಂಚಿದ್ದಂಗವೆ. ಸಿಸ್ಟ್ರಮ್ಮ ನೋಡಿ ನಗ್ತಾರೆ ಅಷ್ಟೇಯ,” ಎಂದು ನಂಜಣ್ಣ ಮುಖ ಗಂಟಿಕ್ಕಿದ. ಆದರೂ ನಾಲ್ಕು ಬೋಲ್ಟೂ ಬರಿಗೈಯಲ್ಲೇ ಕೊನೆಯವರೆಗೂ ತಿರುಗಿಕೊಂಡು ಹೋದವು. ಪಾನಾ ಹಿಡಿದದ್ದು ಕಡೆಯ ಬಿಗಿತಕ್ಕೆ ಮಾತ್ರ. ಕಡ್ಡಿ ಹಿಡಿದರೆ ಸುತ್ತಿಡೀ ಒಂದೇ ಸದ್ದು. ಇಬ್ಬರೂ ಕಾರಿನಲ್ಲೇ ಹುಣಸೂರಿಗೆ ಹೋಗಿ ಬಂದರು. ಬಂದವನೇ ನಂಜಣ್ಣ ಬೋಲ್ಟುಗಳನ್ನು ಅಕ್ಕನ ಕಣ್ಣೆದುರೇ ಇನ್ನೊಮ್ಮೆ ಪರೀಕ್ಷಿಸಿದ. ಒಂದೂ ಕದಲಿರಲಿಲ್ಲ.

ಇನ್ನು ಆರು ದಿನವಿತ್ತು. ಭಾಗ್ಯಮ್ಮ ಸಾಸಿವೆ ಡಬ್ಬಿಯ ಹಿಂದಿನಿಂದ ಕವರು ತೆಗೆದು ಧೂಳು ಊದಿದಳು. ಖಾಲಿ ಬಿಟ್ಟಿದ್ದ ಜಾಗದಲ್ಲಿ ತಾರೀಖು ಬರೆದಳು. ‘ಸಿದ್ಧವಾಗಿದೆ’ ಎಂಬಲ್ಲಿ ಬೆರಳಿಟ್ಟು ಓದಿ, ಕೆಳಗೆ ಇನ್ನೆರಡು ಸಾಲು ಸೇರಿಸಿದಳು: ‘ಚಕ್ರ ಕರ್ರಗಿವೆ, ನೋಡಲು ಚೆನ್ನಾಗಿಲ್ಲ. ತೂತು ಸರಿಯಾಗಿವೆ.’ ಅನ್ನದ ಅಗುಳು ಹಚ್ಚಿ ಕವರು ಮುಚ್ಚಿದಳು.

ಪೋಸ್ಟಾಫೀಸಿನವರೆಗೆ ಕಾರಲ್ಲೇ ಬಿಡುತ್ತೇನೆ ಎಂದ ನಂಜಣ್ಣ. ಅವಳು ಬೇಡವೆಂದು ನಡೆದೇ ಹೋದಳು. ಅಂಚೆ ಡಬ್ಬಿಯ ಬಾಯಿಗೆ ಕವರನ್ನು ಅರ್ಧ ತೂರಿಸಿ, ವಿಳಾಸವನ್ನು ಮತ್ತೊಮ್ಮೆ ಓದಿಕೊಂಡು, ಒಳಕ್ಕೆ ಬಿಟ್ಟಳು.